ತುಳುವಿನಲ್ಲಿ ಹೇಳು

ಯಶ್ವಂತನ ಕೆಂಪು ಹುಂಜ ಎರಡನೆಯ ನೆಗೆತಕ್ಕೇ ಎದುರಾಳಿಯ ಕೊರಳನ್ನು ಸೀಳಿಹಾಕಿತು. ಕಾಲಿಗೆ ಕಟ್ಟಿದ್ದ ಬಾಳು ಎಂಬ ಬೆರಳುದ್ದದ ಕತ್ತಿ ಒಳಹೊಕ್ಕು ಹೊರಬಂದುದು ಸುತ್ತ ನಿಂತವರಲ್ಲಿ ಬಹುಮಂದಿಯ ಕಣ್ಣಿಗೆ ಬೀಳಲೇ ಇಲ್ಲ. ಬಿದ್ದುದು ಮಣ್ಣಿನ ಮೇಲೆ ಸಿಡಿದ ನೆತ್ತರು ಮಾತ್ರ. ಕೋಳಿಅಂಕದಲ್ಲಿ ಸೋತ ಹುಂಜ ಗೆದ್ದವನ ಪಾಲಾಗುತ್ತದೆ. ಅದನ್ನು ಒಟ್ಟೆ ಎನ್ನುತ್ತಾರೆ. ಒಟ್ಟೆಯ ಮಾಂಸದ ಸುಕ್ಕವನ್ನು ನೆಂಟರಿಗೆ ಬಡಿಸಿ, ಅವರೊಡನೆ ಕುಳಿತು ಉಣ್ಣುವುದು ಗೆದ್ದವನಿಗೊಂದು ಗತ್ತು. ಯಶ್ವಂತ ಇನ್ನೂ ಮಿಸುಕುತ್ತಿದ್ದ ಒಟ್ಟೆಯನ್ನು ತಲೆಕೆಳಗಾಗಿ ಸ್ಕೂಟರಿಗೆ ತೂಗುಹಾಕಿಕೊಂಡು, ಕಾರ್ಕಳದ ಪೇಟೆಯನ್ನು ದಾಟಿ ಕುಕ್ಕುಂದೂರಿನ ಮನೆಗೆ ಬಂದ. ಅಂದು ಮಧ್ಯಾಹ್ನ ಹೆಂಡತಿಯ ಅಣ್ಣ ಕಾಪುವಿನಿಂದ ಊಟಕ್ಕೆ ಬರುವವನಿದ್ದ.

"ನಿನ್ನ ಅಣ್ಣನ ಭಾಗ್ಯ ನೋಡು," ಎನ್ನುತ್ತ ಅವನು ಹುಂಜವನ್ನು ಅಡುಗೆಮನೆಯ ಹಿಂದಿನ ಕಲ್ಲಿನ ಮೇಲೆ ಎಸೆದ. "ಉಣ್ಣುವ ದಿನವೇ ಸರಿಯಾಗಿ ಬರುತ್ತಾನೆ."

ಅವನ ಹೆಂಡತಿ ಚಂಪಾ ಬಲಗೈಯೊಂದರಿಂದಲೇ ಹುಂಜವನ್ನು ಸರಿಸಿಟ್ಟಳು. ಅವಳ ಎಡದೋಳು ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಸೆಖೆಯ ದಿನವಾದರೂ ಮಣಿಕಟ್ಟಿನವರೆಗೆ ತೋಳಿರುವ ರವಿಕೆಯನ್ನು ತೊಟ್ಟಿದ್ದಳು. ಹಿಂದಿನ ವಾರ ಅವನು ಆ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿ, ಅವಳನ್ನು ಬಾವಿಕಟ್ಟೆಗೆ ಒತ್ತಿ ಹಿಡಿದಿದ್ದ. ಮರುದಿನ ಅವನು ಹೊರಗೆ ಹೋದ ಹೊತ್ತು ನೋಡಿ ಅವಳು ಅಣ್ಣನಿಗೆ ಫೋನು ಮಾಡಿ ಒಂದೇ ಮಾತು ಹೇಳಿದ್ದಳು: "ಅಣ್ಣ, ನನ್ನನ್ನು ಬಂದು ಕರೆದುಕೊಂಡು ಹೋಗು."

ಅಕ್ಕಿಯ ಡ್ರಮ್ಮಿನ ಹಿಂದೆ ಅವಳ ಬಟ್ಟೆಯ ಚೀಲ ಕಟ್ಟಿ ಸಿದ್ಧವಾಗಿತ್ತು. ಆ ಮನೆತನಗಳಲ್ಲಿ ಒಂದು ಕ್ರಮವಿತ್ತು: ಅಣ್ಣನಾದವನು ಉಂಡು, ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ, ತಂಗಿಯನ್ನು ಕೆಲವು ದಿನ ಕಳುಹಿಸಿಕೊಡಬೇಕೆಂದು ಭಾವನನ್ನು ಕೇಳಬೇಕು, ಭಾವ ಒಪ್ಪಬೇಕು, ಆಮೇಲೆ ಚೀಲ ಅಣ್ಣನ ಕೈಗೆ ಬರಬೇಕು. ಕೇಳದೆ ಹೊರಟ ಹೆಣ್ಣು ಓಡಿಹೋದವಳೆನಿಸುತ್ತಾಳೆ. ಚಂಪಾ ಆ ಕ್ರಮವನ್ನೇ ನಂಬಿಕೊಂಡಿದ್ದಳು. ಇಂದು ಆ ಚೀಲ ಅಣ್ಣನ ಕೈಯಲ್ಲಿ ಈ ಹೊಸ್ತಿಲನ್ನು ದಾಟಬೇಕು, ಅದರ ಹಿಂದೆ ತಾನು ದಾಟಬೇಕು. ಬೇರೇನೂ ಅವಳಿಗೆ ಬೇಕಿರಲಿಲ್ಲ.

ಯಶ್ವಂತ ಹುಂಜವನ್ನು ತಾನೇ ತುಂಡರಿಸಲು ಕುಳಿತ. ಅವನ ಕೈಯಲ್ಲಿದ್ದುದು ಅಗಲ ಅಲಗಿನ ಭಾರವಾದ ಮಾಂಸದ ಕತ್ತಿ, ಯೆರೆವಾನಿನಿಂದ ತಂದದ್ದು. ಉಡುಪಿಯ ಹೋಟೆಲೊಂದರಲ್ಲಿ ಅಡುಗೆ ಕಲಿತ ಅವನು, ಆರ್ಮೇನಿಯಾದ ಆ ರಾಜಧಾನಿಯಲ್ಲಿ ವೈದ್ಯಕೀಯ ಓದಲು ಹೋದ ನಮ್ಮ ಹುಡುಗ ಹುಡುಗಿಯರಿಗಾಗಿ ಒಂದು ಮೆಸ್ಸನ್ನು ನಡೆಸಿದ್ದ. ತಾನು ಗಲ್ಲೆಯಲ್ಲಿ ಕುಳಿತು ಹುಡುಗರೊಡನೆ ಹಿಂದಿಯಲ್ಲಿ ನಗುತ್ತ, ಪೇಟೆಯವರೊಡನೆ ಹರುಕು ಆರ್ಮೇನಿಯನ್ನಿನಲ್ಲಿ ಚೌಕಾಸಿ ಮಾಡುತ್ತ ಕಾಲ ಕಳೆದ. ಹೆಂಡತಿಯನ್ನು ಹಿಂಬದಿಯಲ್ಲಿ ಪಾತ್ರೆಗಳ ನಡುವೆ ಕೂರಿಸಿದ. ಅಲ್ಲಿ ಅವಳ ಜೊತೆಗೆ ವರ್ದುಹಿ ಎಂಬ ವಿಧವೆಯೊಬ್ಬಳು ಆಲೂಗಡ್ಡೆ ಸುಲಿಯುತ್ತಿದ್ದಳು. ಇಬ್ಬರು ಹೆಂಗಸರು ಇಡೀ ದಿನ ಒಂದೇ ಬೋಗುಣಿಯ ಎರಡು ಬದಿಗೆ ಕುಳಿತರೆ ಮಾತು ಹುಟ್ಟದೆ ಇರುವುದಿಲ್ಲ. ಮೊದಲು ಚಾಕು, ನೀರು, ಉಪ್ಪು. ಬಳಿಕ ಮಕ್ಕಳು, ಗಂಡ, ಸಾವು. ವರ್ದುಹಿಯ ಗಂಡ ಗುಲಾಬಿ ಬಣ್ಣದ ಕಲ್ಲು ತೆಗೆಯುವ ಕೋರೆಯಲ್ಲಿ ಸತ್ತವನು. ಹಾಗಾಗಿ ಕೋರೆ, ಬಂಡೆ, ಜಾರುವುದು, ಬೀಳುವುದು ಎಂಬ ಮಾತುಗಳೆಲ್ಲ ಚಂಪಾಳಿಗೆ ಬಹುಬೇಗ ಬಂದವು. ಅವಳ ಮೈಮೇಲಿನ ಬಾವುಗಳಿಗೆ ಮಂಜುಗಡ್ಡೆ ಒತ್ತುವಾಗ ಆ ಹೆಂಗಸು ಪ್ರತಿಸಲವೂ "ತ್ಸಾವ್ದ್ ತಾನೆಮ್" ಎನ್ನುತ್ತಿದ್ದಳು. ನಿನ್ನ ನೋವನ್ನು ನಾನು ಹೊತ್ತೊಯ್ಯುತ್ತೇನೆ ಎಂದು ಅದರ ಅರ್ಥ. ಆ ಊರಿನಲ್ಲಿ ತರಕಾರಿ ಮಾರುವವರೂ ಆಡುವ ಸಾಮಾನ್ಯ ಮಾತು ಅದು.

ಒಮ್ಮೆ ಹಾಲಿನವನಿಗೆ ಅವಳು ಆರ್ಮೇನಿಯನ್ನಿನಲ್ಲಿ ಉತ್ತರ ಕೊಟ್ಟದ್ದನ್ನು ಯಶ್ವಂತ ಕೇಳಿಸಿಕೊಂಡ. "ಅವರ ಹತ್ತಿರ ನಿನಗೆಂತ ಮಾತು?" ಎಂದು ಅವಳ ತುಟಿ ಒಡೆಯುವಂತೆ ಹೊಡೆದ. ಅಂದಿನಿಂದ ಅವಳು ಅವನ ಎದುರಿನಲ್ಲಿ ಆ ಭಾಷೆಯನ್ನು ಮರೆತವಳಾದಳು. ಅವನೂ ಅದನ್ನು ನಂಬಿದ. ಪಾತ್ರೆ ತೊಳೆಯುವ ಹೆಂಗಸಿಗೆ ನಾಲ್ಕು ತರಕಾರಿಯ ಹೆಸರಿಗಿಂತ ಹೆಚ್ಚೇನು ಬಂದೀತೆಂದು ಅವನ ಎಣಿಕೆ. ಊರಿಗೆ ಮರಳಿದ ಮೇಲೆ ಅವಳನ್ನು ಹೊಡೆಯುವಾಗಲೆಲ್ಲ ಅವನು ಬೈಯುತ್ತಿದ್ದುದು ಆರ್ಮೇನಿಯನ್ನಿನಲ್ಲಿಯೇ. ಬೇಲಿಯಾಚೆಯವರಿಗೆ ಯಾರೋ ಫೋನಿನಲ್ಲಿ ವ್ಯವಹಾರ ಮಾತಾಡುತ್ತಿರುವಂತೆ ಕೇಳುತ್ತಿತ್ತು.

ಚಂಪಾಳ ಅಣ್ಣ ಜಿತೇಶ ಬಂದದ್ದು ಎಡ್ವಿನ್‌ನ ಆಟೊದಲ್ಲಿ. ಕಾರ್ಕಳದ ಬಸ್‌ಸ್ಟ್ಯಾಂಡಿನಿಂದ ಬಾಡಿಗೆಗೆ ಹಿಡಿದದ್ದು. ಮರಳಿ ಹೋಗಲು ಅಂಗಳದಲ್ಲಿಯೇ ನಿಲ್ಲಿಸಿಕೊಂಡ. ಹಾಂಗ್‌ಕಾಂಗಿನ ಕಂಪೆನಿಯೊಂದರ ಹಡಗಿನಲ್ಲಿ, ಕ್ಯಾಂಟನೀಸ್ ಬಿಟ್ಟು ಬೇರೆ ಭಾಷೆಯನ್ನು ಬಾಯಿಗೆ ತಾರದ ಒಬ್ಬ ಮುದುಕ ಮೇಸ್ತ್ರಿಯ ಕೈಕೆಳಗೆ ಬಹುಕಾಲ ದುಡಿದ ಆಳು ಅವನು. ಹಗ್ಗ ಎಳೆದ ಭುಜಗಳು ಬಾಗಿಲ ತುಂಬ ಇದ್ದವು. ಆದರೆ ಯಾರಾದರೂ ದನಿಯೇರಿಸಿದರೆ ಸಾಕು, ಆ ಭುಜಗಳು ತಾವಾಗಿಯೇ ಇಳಿಯುತ್ತಿದ್ದವು.

"ಸಿಕ್ ಜೋ ಫಾನ್ ಮೇ ಆ, ಭಾವ?" ಎಂದ, ಹೊಸ್ತಿಲಲ್ಲಿ ಚಪ್ಪಲಿ ಕಳಚುತ್ತ.

"ಬಂತು ನೋಡು ಚೀನಾದ ಹಡಗು!" ಯಶ್ವಂತ ಎದ್ದು ಬಂದು ಅವನ ಬೆನ್ನಿಗೆ ಗುದ್ದಿದ. "ಎಂತ ಮಾರಾಯ ಅದು, ಬೈಗುಳವಾ?"

"ಊಟ ಆಯಿತಾ ಅಂತ. ಅವರು ದಾರಿಯಲ್ಲಿ ಸಿಕ್ಕಿದರೂ ಅದೇ ಕೇಳುವುದು. ನಮ್ಮ ಹಾಗೆಯೇ."

ಜಿತೇಶನ ಕಣ್ಣು ತಂಗಿಯನ್ನು ಹುಡುಕಿತು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಲಗೈಯಿಂದ ರವಿಕೆಯ ಎಡತೋಳನ್ನು ಮೊಣಕೈಯವರೆಗೆ ಸರಿಸಿ, ನೀಲಿಗಟ್ಟಿದ ಕೈಯನ್ನು ಕ್ಷಣಮಾತ್ರ ತೋರಿಸಿ ಮತ್ತೆ ಇಳಿಸಿದಳು. ಅವನು ಕಂಡ. ಕಂಡು ಮುಖ ತಗ್ಗಿಸಿದ.

ಒಟ್ಟೆಯ ಸುಕ್ಕ, ನೀರುದೋಸೆ, ಕುಚ್ಚಲಕ್ಕಿ ಅನ್ನ ಬಂದವು. ನಡುವೆ ಬ್ರಾಂದಿಯ ಬಾಟಲಿ ಕುಳಿತಿತು. ಅಂಗಳದಲ್ಲಿದ್ದ ಎಡ್ವಿನ್‌ನಿಗೂ ಚಂಪಾ ಒಂದು ತಟ್ಟೆ ಕೊಟ್ಟುಬಂದಳು. ಎರಡನೆಯ ಗ್ಲಾಸಿಗೆ ಭಾವಂದಿರ ಹಳೆಯ ಜಗಳ ಮೇಲೆದ್ದಿತು. ಮದುವೆಯ ದಿನದಿಂದಲೂ ಅವರಿಬ್ಬರು ಕೂತಲ್ಲಿ ಅದು ಏಳುತ್ತಿತ್ತು: ಯಾರು ಕಲಿತ ಭಾಷೆ ದೊಡ್ಡದು?

"ಆರ್ಮೇನಿಯನ್ನಿಗೆ ಅಕ್ಷರ ಮಾಡಿದವನು ಒಬ್ಬ ಸನ್ಯಾಸಿ, ಭಾವ," ಎಂದ ಯಶ್ವಂತ, ಎಲುಬನ್ನು ಹಲ್ಲಿನಿಂದ ಸೀಳುತ್ತ. "ಒಬ್ಬನೇ ಕೂತು ಮಾಡಿದ್ದು, ಸಾವಿರದ ಆರುನೂರು ವರ್ಷದ ಹಿಂದೆ. ಗುಡ್ಡದ ಬುಡದಲ್ಲಿ ಒಂದೊಂದು ಅಕ್ಷರವನ್ನೂ ಆಳೆತ್ತರದ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದಾರೆ, ನಮ್ಮ ಕಾರ್ಕಳದ ಗೊಮ್ಮಟನ ಹಾಗೆ. ನಿನ್ನದಕ್ಕೆ ಎಂತ ಉಂಟು? ಕೋಳಿ ಕೆದರಿದ ಗುರುತು."

"ಅಕ್ಷರಮಾಲೆ ಇಲ್ಲ, ಒಪ್ಪಿದೆ. ಒಂದೊಂದು ಮಾತಿಗೆ ಒಂದೊಂದು ಚಿತ್ರ. ಅದೂ ಬಾಯಲ್ಲಿ ಆಡುವುದು ಒಂದು, ಶಾಲೆಯಲ್ಲಿ ಬರೆಯುವುದು ಇನ್ನೊಂದು."

"ಹಾಗಾದರೆ ಅದು ಭಾಷೆಯೇ ಅಲ್ಲ."

"ಮತ್ತೆ ನಾವು ಮನೆಯಲ್ಲಿ ತುಳು ಆಡಿ ಪುಸ್ತಕದಲ್ಲಿ ಕನ್ನಡ ಬರೆಯುವುದು?"

ಯಶ್ವಂತ ತೊಡೆ ತಟ್ಟಿಕೊಂಡು ನಕ್ಕ. "ಮಾತಿಗೆ ಬಾಲ ಉಂಟಾ ಹೇಳು. ಆರ್ಮೇನಿಯನ್ನಿನಲ್ಲಿ ಮನೆಯಿಂದ, ಮನೆಯಲ್ಲಿ ಅಂತ ನಮ್ಮ ಹಾಗೆ ಬಾಲ ಅಂಟಿಸುತ್ತಾರೆ. ನಿನ್ನ ಚೀನಾದವನಿಗೆ ಅದು ಇಲ್ಲ. ನಿನ್ನೆಯೂ ಹೋಗು, ನಾಳೆಯೂ ಹೋಗು!"

"ಬಾಲ ಇಲ್ಲ, ಆದರೆ ರಾಗ ಉಂಟು. ಕೇಳು." ಜಿತೇಶ ಬೆರಳೆತ್ತಿ, ಒಂದೇ "ಸೀ" ಎಂಬ ಸದ್ದನ್ನು ಏರಿಸಿ, ಇಳಿಸಿ, ಮಟ್ಟಸವಾಗಿ ಎಳೆದು, ಮುರಿದು ಬೇರೆಬೇರೆ ರೀತಿ ನುಡಿದ. "ಒಂದು ಕವಿತೆ, ಒಂದು ಚರಿತ್ರೆ, ಒಂದು ಸಮಯ, ಒಂದು ಮಾರ್ಕೆಟು. ರಾಗ ತಪ್ಪಿದರೆ ಅರ್ಥವೇ ತಪ್ಪಿತು."

"ಎಂತ ಅದು, ಒಳಗೆ ಹಾವು ಬಂತಾ?" ಎಂದು ಎಡ್ವಿನ್ ಅಂಗಳದಿಂದ ಕೂಗಿದ. ಮೂವರೂ ನಕ್ಕರು. ಚಂಪಾ ನಗಲಿಲ್ಲ. ಅಣ್ಣ ಕೇಳುವ ಹೊತ್ತು ಹತ್ತಿರ ಬರುತ್ತಿತ್ತು.

"ಆಟ ಆಡುವ," ಎಂದ ಯಶ್ವಂತ. ಅವರ ಆಟದ ನಿಯಮ ಸರಳವಾಗಿತ್ತು. ಒಬ್ಬನು ತಾನು ಕಲಿತ ಭಾಷೆಯಲ್ಲಿ ಮನಸ್ಸಿಗೆ ಬಂದದ್ದನ್ನು ಹೇಳಬೇಕು. ಅದು ಹೊಗಳಿಕೆಯೋ ಬೈಗುಳವೋ ಎಂದು ಮತ್ತೊಬ್ಬನು ಮುಖ ನೋಡಿ ಊಹಿಸಬೇಕು. ಅರ್ಥವಾಗದ ಮಾತಿಗೆ ಸಿಟ್ಟಾಗುವಂತಿಲ್ಲ.

ಜಿತೇಶ ತಟ್ಟೆಯನ್ನೇ ನೋಡುತ್ತ, ಮುಗುಳ್ನಗುತ್ತ, ಕ್ಯಾಂಟನೀಸಿನಲ್ಲಿ ಬಹಳ ಹೊತ್ತು ಮಾತಾಡಿದ. ದನಿ ಏರಿಳಿದು ಕೊನೆಗೊಮ್ಮೆ ಸಣ್ಣದಾಗಿ ನಡುಗಿತು.

"ಹೊಗಳಿಕೆ," ಎಂದ ಯಶ್ವಂತ. "ಸುಕ್ಕ ಚೆನ್ನಾಗಿ ಉಂಟು ಅಂತ."

"ಹೌದು ಭಾವ. ಹೊಗಳಿಕೆಯೇ." ಜಿತೇಶ ಎಲೆಯಡಿಕೆಯ ತಟ್ಟೆಯತ್ತ ಕೈಚಾಚಿ, ಕೊನೆಗೂ ಕೇಳಿದ: "ಹೇಳುವುದು ಎಂತ ಅಂದರೆ... ಅಮ್ಮನಿಗೆ ಚಂಪಾಳನ್ನು ನೋಡಬೇಕಂತೆ. ಕೆಲವು ದಿನ ಕಳಿಸಿಕೊಟ್ಟರೆ..."

"ಧಾರಾಳ!" ಯಶ್ವಂತ ಎರಡೂ ಕೈ ಹರಡಿದ. "ನಿನ್ನ ತಂಗಿ, ನಿನ್ನ ಹಕ್ಕು. ಆದರೆ ಇವತ್ತು ಆ ಲಟಾರಿ ಆಟೊದಲ್ಲಿ ಬೇಡ. ನಾಳೆ ಬೆಳಿಗ್ಗೆ ನಾನೇ ಸ್ಕೂಟರಿನಲ್ಲಿ ತಂದುಬಿಡುತ್ತೇನೆ."

"ಆಯಿತು ಭಾವ. ನಾಳೆಯೇ ಆಗಲಿ." ಜಿತೇಶನ ಮುಖದಲ್ಲಿ ಹೊರೆ ಇಳಿಸಿದವನ ನೆಮ್ಮದಿ ಕಂಡಿತು.

"ಈಗ ನನ್ನ ಸರದಿ." ಯಶ್ವಂತ ಗ್ಲಾಸನ್ನೆತ್ತಿ, ಭಾವನ ಕಣ್ಣಿನಲ್ಲಿ ಕಣ್ಣಿಟ್ಟು, ಜೇನು ಸುರಿಯುವಂಥ ದನಿಯಲ್ಲಿ ಆರ್ಮೇನಿಯನ್ನಿನಲ್ಲಿ ಹೇಳತೊಡಗಿದ. ಬಡಿಸುವ ಸೌಟನ್ನು ಹಿಡಿದು ನಿಂತಿದ್ದ ಚಂಪಾಳಿಗೆ ಒಂದೊಂದು ಮಾತೂ ವರ್ದುಹಿಯ ಬೋಗುಣಿಯಿಂದ ಎದ್ದುಬಂದಂತೆ ಸ್ಪಷ್ಟವಾಗಿ ಕೇಳಿಸಿತು. ನಾಳೆ ಬೆಳಿಗ್ಗೆ ಇವಳನ್ನು ಕೋರೆಯ ದಾರಿಯಿಂದ ಕರೆದೊಯ್ಯುತ್ತೇನೆ. ಅಲ್ಲಿ ನೀರು ಆಳವಾಗಿದೆ, ಬಂಡೆ ಪಾಚಿಗಟ್ಟಿದೆ. ಜಾರಿ ಬಿದ್ದಳೆಂದು ನಿನಗೆ ನಾನೇ ಫೋನು ಮಾಡುತ್ತೇನೆ. ನೀನು ಬಂದು ಅಳು, ಮೂರ್ಖ. ನಿನ್ನ ಹೆಗಲ ಮೇಲೆ ಕೈಯಿಟ್ಟು ನಾನೂ ಅಳುತ್ತೇನೆ.

"ಹೊಗಳಿಕೆ," ಎಂದ ಜಿತೇಶ, ನಗುತ್ತ.

"ಶಾಭಾಸ್ ಭಾವ!" ಎರಡು ಗ್ಲಾಸುಗಳು ತಾಗಿ ಸದ್ದಾದವು.

ಚಂಪಾ ಸೌಟನ್ನು ಪಾತ್ರೆಯೊಳಗೆ ಮೆಲ್ಲನೆ ಇಳಿಸಿದಳು. ಮನೆಯ ಹಿಂದಿನ ಆ ಕೋರೆ ಅವಳಿಗೆ ಗೊತ್ತಿತ್ತು. ಕರಿಕಲ್ಲು ತೆಗೆದು ಬಿಟ್ಟ ಹೊಂಡ; ಮಳೆನೀರು ತುಂಬಿ ಹಸಿರಾಗಿತ್ತು. ಹೋದ ವರ್ಷ ಅದಕ್ಕೆ ಬಿದ್ದ ಎಮ್ಮೆ ಮತ್ತೆ ಮೇಲೆ ಬರಲಿಲ್ಲ. ಜಿತೇಶ ಎದ್ದು ಕೈ ತೊಳೆದ. ಅಂಗಳದಲ್ಲಿ ಆಟೊದ ಇಂಜಿನು ಗುರುಗುಟ್ಟಿತು. ಕ್ರಮದ ಪ್ರಕಾರ ಕೇಳುವುದೂ ಆಗಿತ್ತು, ಒಪ್ಪುವುದೂ ಆಗಿತ್ತು. ಇನ್ನು ಅಣ್ಣ ಹೊಸ್ತಿಲು ದಾಟಿದರೆ ಅವಳ ಪಾಲಿಗೆ ಉಳಿಯುವುದು ಒಂದು ರಾತ್ರಿ.

ಅವಳು ಅಕ್ಕಿಯ ಡ್ರಮ್ಮಿನ ಹಿಂದಿನಿಂದ ಚೀಲವನ್ನೆಳೆದು ಜಗಲಿಗೆ ತಂದಿಟ್ಟಳು. ಆಮೇಲೆ ಗಂಡನತ್ತ ತಿರುಗಿ, ಎಷ್ಟೋ ವರ್ಷ ಅವನೆದುರು ಬಾಯಿಗೆ ತಾರದ ಭಾಷೆಯಲ್ಲಿ, ಅವನಿಗೆಂದೂ ಬಾರದಿದ್ದ ಯೆರೆವಾನಿನ ಹೆಂಗಸರ ಶುದ್ಧ ಉಚ್ಚಾರದಲ್ಲಿ ಹೇಳಿದಳು:

"ಯೆಸ್ ಅಮೆನ್ ಇಂಚ್ ಹಾಸ್ಕತ್ಸಾ."

ನನಗೆ ಎಲ್ಲವೂ ಅರ್ಥವಾಯಿತು ಎಂದು. ಯಶ್ವಂತನ ಕೈಯಲ್ಲಿದ್ದ ಗ್ಲಾಸು ಬಾಯಿಯ ಹತ್ತಿರವೇ ನಿಂತಿತು.

"ಎಂತ ಹೇಳಿದ್ದು ನೀನು?" ಎಂದು ಜಿತೇಶ ಬಾಗಿಲಲ್ಲಿ ತಿರುಗಿದ.

"ನಾಳೆ ನನ್ನನ್ನು ಕೋರೆಗೆ ತಳ್ಳುತ್ತಾನಂತೆ, ಅಣ್ಣ. ನೀನು ಗ್ಲಾಸು ತಾಗಿಸಿದ್ದು ಅದಕ್ಕೆ."

ಮಾತು ಮುಗಿಯುವ ಮೊದಲೇ ಬಾಟಲಿ ಹಾರಿ ಬಂದು ಅವಳ ಕಿವಿಯ ಪಕ್ಕದ ಗೋಡೆಗೆ ಅಪ್ಪಳಿಸಿತು. ಗಾಜಿನ ಚೂರು ಹಣೆಯನ್ನು ಸೀಳಿ ನೆತ್ತರು ಹುಬ್ಬಿನ ಮೇಲೆ ಇಳಿಯಿತು. ಯಶ್ವಂತ ತಟ್ಟೆಗಳನ್ನು ತುಳಿದುಕೊಂಡು ಬಂದು ಅವಳ ಜಡೆಯನ್ನು ಕೈಗೆ ಸುತ್ತಿ, ಮುಖವನ್ನು ಬಾಗಿಲವಾಡಕ್ಕೆ ಬಡಿದ. ಒಮ್ಮೆ, ಮತ್ತೊಮ್ಮೆ. ಹಲ್ಲೊಂದು ಮುರಿದು ನೆಲಕ್ಕೆ ಬಿತ್ತು. ಜಿತೇಶ ಹೊಸ್ತಿಲಲ್ಲಿ ಕಲ್ಲಾಗಿ ನಿಂತಿದ್ದ. ಮೂರನೆಯ ಸಲ ತಂಗಿಯ ತಲೆ ಹಿಂದಕ್ಕೆ ಬಾಗಿದಾಗ ಅವಳ ಕಣ್ಣು ಅವನನ್ನು ಕಂಡಿತು. ಆ ನೋಟಕ್ಕೆ ಅವನ ಭುಜಗಳು ಎದ್ದವು. ಅವನು ಗೂಳಿಯಂತೆ ನುಗ್ಗಿ ಯಶ್ವಂತನನ್ನು ಗೋಡೆಗೆ ಒಗೆದ.

ಗೋಡೆಯಿಂದ ಜಾರಿದ ಯಶ್ವಂತ ಅಡುಗೆಮನೆಯೊಳಕ್ಕೆ ಉರುಳಿ, ಏಳುವಾಗ ಮಾಂಸದ ಕತ್ತಿಯನ್ನು ಹಿಡಿದೇ ಎದ್ದ. ಒಟ್ಟೆಯ ಪುಕ್ಕ ಇನ್ನೂ ಅದರ ಅಲಗಿಗೆ ಅಂಟಿತ್ತು. ಮೊದಲ ಏಟಿಗೆ ಜಿತೇಶ ಅಡ್ಡಹಿಡಿದ ಮುಂಗೈ ಎಲುಬಿನವರೆಗೆ ತೆರೆದುಕೊಂಡಿತು. ಎರಡನೆಯದು ಹೆಗಲನ್ನು ಕಚ್ಚಿತು. ಅವನು ಮೊಣಕಾಲೂರಿದ. ನೆತ್ತರು ಸುಕ್ಕದ ಮಸಾಲೆಯೊಡನೆ ಬೆರೆತು ಸಿಮೆಂಟಿನ ನೆಲದಲ್ಲಿ ಹರಿಯಿತು. ಯಶ್ವಂತ ಕೊರಳಿಗೆ ಗುರಿಯಿಟ್ಟು ಕತ್ತಿಯನ್ನೆತ್ತಿದ. ಈಗ ಅವನ ಬಾಯಲ್ಲಿ ಆರ್ಮೇನಿಯನ್ನೂ ಇರಲಿಲ್ಲ, ತುಳುವೂ ಇರಲಿಲ್ಲ. ಬರಿಯ ಬುಸುಗುಡುವಿಕೆ ಇತ್ತು.

ಕಡೆಯುವ ಕಲ್ಲಿನ ಗುಂಡು ಅವನ ಹಿಂದೆಯೇ ಇತ್ತು. ಚಂಪಾ ಅದನ್ನು ಎರಡೂ ಕೈಯಿಂದ ಎತ್ತಿದಳು. ಎಡಭುಜದೊಳಗೆ ಏನೋ ಕಿತ್ತುಹೋದ ಸದ್ದು ಅವಳಿಗೇ ಕೇಳಿಸಿತು. ಗುಂಡು ಅವನ ಮೊಣಕಾಲ ಹಿಂಬದಿಗೆ ಅಪ್ಪಳಿಸಿತು. ಅವನು ಕೂಗುತ್ತ ಬೆನ್ನಡಿಯಾಗಿ ಬಿದ್ದ. ಕತ್ತಿ ದೂರ ಸರಿಯಿತು. ಅವಳು ಗುಂಡನ್ನು ಮತ್ತೆ ಎತ್ತಿ ಅವನ ಮುಖದ ನೇರಕ್ಕೆ ಹಿಡಿದಳು. ಅವಳ ಬಾಯಿಯಿಂದ ತೊಟ್ಟಿಕ್ಕುವ ನೆತ್ತರು ಅವನ ಎದೆಯ ಮೇಲೆ ಬೀಳುತ್ತಿತ್ತು.

"ಈಗ ತುಳುವಿನಲ್ಲಿ ಹೇಳು," ಎಂದಳು.

"ಬೇಡ... ಚಂಪಾ, ಬೇಡ..."

"ಆಗ ಹೇಳಿದ್ದನ್ನು ತುಳುವಿನಲ್ಲಿ ಹೇಳು. ಅಣ್ಣ ಕೇಳಲಿ. ಎಡ್ವಿನ್ ಕೇಳಲಿ. ನಿನ್ನ ಬೇಲಿಯಾಚೆಯವರೂ ಕೇಳಲಿ."

ಎಡ್ವಿನ್ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಆಟೊದ ಸ್ಪ್ಯಾನರು, ಮುಖದಲ್ಲಿ ಬಣ್ಣವಿಲ್ಲ. ಯಶ್ವಂತನ ಕಣ್ಣು ಅವನತ್ತ ಹೊರಳಿ ಮತ್ತೆ ಗುಂಡಿನತ್ತ ಬಂತು. ತುಟಿಗಳು ಅಲುಗಿದವು. ಆರ್ಮೇನಿಯನ್ನಿನಲ್ಲಿ ಅಷ್ಟು ಸರಾಗವಾಗಿ ಹರಿದ ಮಾತು ಹೆತ್ತ ತಾಯಿಯ ಭಾಷೆಯಲ್ಲಿ ಹೊರಡಲಿಲ್ಲ.

"ತಮಾಷೆಗೆ ಹೇಳಿದ್ದು," ಎಂದ ಕೊನೆಗೆ. "ಆಟ ಅಲ್ವಾ ಅದು..."

ಚಂಪಾ ಕೈಬಿಟ್ಟಳು. ಗುಂಡು ಅವನ ಕಿವಿಗೆ ಒಂದು ಗೇಣಿನಾಚೆ ಬಿದ್ದು ನೆಲದ ಸಿಮೆಂಟನ್ನು ಒಡೆಯಿತು. ಚೂರುಗಳು ಅವನ ಕೆನ್ನೆಗೆ ಸಿಡಿದವು. ಅವನ ಪಂಚೆ ಒದ್ದೆಯಾಯಿತು. ಅವಳು ಅವನನ್ನು ದಾಟಿ ಬಂದು, ಸೆರಗನ್ನು ಹರಿದು ಅಣ್ಣನ ಮುಂಗೈಗೆ ಬಿಗಿದು ಕಟ್ಟಿ, ಜಗಲಿಯ ಚೀಲವನ್ನು ತಾನೇ ಎತ್ತಿಕೊಂಡಳು.

"ಕಾಪುವಿಗಾ ಅಕ್ಕ?" ಎಡ್ವಿನ್ ಜಿತೇಶನನ್ನು ಹಿಡಿದೆಬ್ಬಿಸುತ್ತ ಕೇಳಿದ.

"ಮಣಿಪಾಲಕ್ಕೆ. ಆಸ್ಪತ್ರೆಗೆ. ಅಲ್ಲಿಂದ ಉಡುಪಿಗೆ, ಪೊಲೀಸರ ಹತ್ತಿರ. ಕಾಪು ಆಮೇಲೆ."

ಆಟೊ ಹೆದ್ದಾರಿಗೆ ಏರಿತು. ಎಡ್ವಿನ್ ಹಾರ್ನಿನಿಂದ ಕೈ ತೆಗೆಯಲಿಲ್ಲ. ಜಿತೇಶನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಚಂಪಾ ಅವನ ಕೈಯನ್ನು ತನ್ನ ಎದೆಯ ಎತ್ತರಕ್ಕೆ ಎತ್ತಿ ಹಿಡಿದು ಕುಳಿತಿದ್ದಳು. ಅಭ್ಯಾಸದ ಬಲದಿಂದ ಅವಳ ಬಾಯಿಗೆ ವರ್ದುಹಿಯ ಮಾತು ಬಂತು. "ತ್ಸಾವ್ದ್ ತಾನೆಮ್," ಎಂದಳು, ಅರ್ಥ ಹೇಳಲಿಲ್ಲ.

"ನಾನು ಆಡಿದ್ದು ಎಂತ ಅಂತ ಕೇಳುವುದಿಲ್ಲವಾ?" ಎಂದ ಜಿತೇಶ. "ಆಟದಲ್ಲಿ."

"ಎಂತ?"

"ಙೋ ಗೆಂಗ್ ನೇಯ್ ಅಂತ. ನನಗೆ ನಿನ್ನನ್ನು ಕಂಡರೆ ಹೆದರಿಕೆ ಅಂತ ಅವನಿಗೆ ಹೇಳಿದೆ. ತಂಗಿಯ ತೋಳು ನೋಡಿದೆ, ನೀನೇ ಹೊಡೆದದ್ದು ಅಂತ ಗೊತ್ತು, ಕೇಳಲಿಕ್ಕೆ ಧೈರ್ಯ ಸಾಲುವುದಿಲ್ಲ. ಅದೆಲ್ಲ ಹೇಳಿದೆ, ಚಂಪಾ. ಒಂದೂ ಬಿಡಲಿಲ್ಲ."

ಅವಳು ಅವನ ಕೈಯನ್ನು ಕೆಳಗಿಳಿಸಲಿಲ್ಲ. ಆದರೆ ಮುಖ ತಿರುಗಿಸಿದಳು. ಹೊರಗೆ ಗುಡ್ಡಗಳು ಹಿಂದೆ ಸರಿಯುತ್ತಿದ್ದವು.

"ತುಳುವಿನಲ್ಲಿ ಹೇಳಬಹುದಿತ್ತು," ಎಂದಳು. "ನಾನು ಅಲ್ಲೇ ನಿಂತಿದ್ದೆ."

ಮಣಿಪಾಲದ ಆಸ್ಪತ್ರೆಯಲ್ಲಿ ಅವರನ್ನು ನೇರ ಒಳಗೆ ಕರೆದೊಯ್ದರು. ಎಳೆವಯಸ್ಸಿನ ವೈದ್ಯೆಯೊಬ್ಬಳು ರಕ್ತದಲ್ಲಿ ನೆನೆದ ಸೆರಗಿನ ತುಂಡನ್ನು ಕತ್ತರಿಸುತ್ತ, ಪುಸ್ತಕದಂಥ ಕನ್ನಡದಲ್ಲಿ ಕೇಳಿದಳು: "ಗಾಯ ಹೇಗಾಯಿತು?"

ಜಿತೇಶ ಬಾಯಿ ತೆರೆದ. "ತೆಂಗಿನಕಾಯಿ ಸುಲಿಯುವಾಗ..." ಎಂದು ಶುರುಮಾಡಿದ. ಮಾನವಂತರ ಮನೆಯಲ್ಲಿ ಇಂಥ ಹೊತ್ತಿಗೆಂದೇ ಇಟ್ಟುಕೊಂಡ ಮಾತು ಅದು. ತಾನಾಗಿಯೇ ನಾಲಗೆಗೆ ಬಂದಿತ್ತು. ಪಕ್ಕದ ಮಂಚದಲ್ಲಿ ಚಂಪಾ ಇದ್ದಳು. ಮುರಿದ ಹಲ್ಲಿನ ಬಾಯಿಯನ್ನು ಬಟ್ಟೆಯಿಂದ ಒತ್ತಿ ಹಿಡಿದು ಅವನನ್ನೇ ನೋಡಿದಳು.

ಅವನು ನಿಲ್ಲಿಸಿದ. ವೈದ್ಯೆ ಕತ್ತರಿಯನ್ನು ಹಿಡಿದು ಕಾದಳು.

"ಅಲ್ಲ," ಎಂದ ಜಿತೇಶ. ದನಿ ಇಡೀ ಕೋಣೆಗೆ ಕೇಳುವಷ್ಟು ಏರಿತು. "ನನ್ನ ಭಾವ ಕಡಿದದ್ದು. ಯಶ್ವಂತ ಅಂತ, ಕುಕ್ಕುಂದೂರಿನವನು. ನನ್ನ ತಂಗಿಯನ್ನು ವರ್ಷಗಟ್ಟಲೆ ಹೊಡೆದಿದ್ದಾನೆ. ನಾಳೆ ಕೊಲ್ಲುತ್ತೇನೆ ಅಂತ ಇವತ್ತು ಊಟಕ್ಕೆ ಕೂತಲ್ಲಿ ಹೇಳಿದ. ಹೊಡೆಯುವುದು ನನಗೆ ಮೊದಲೇ ಗೊತ್ತಿತ್ತು. ಪೊಲೀಸರನ್ನು ಕರೆಯಿರಿ, ಅವರಿಗೂ ಹೇಳುತ್ತೇನೆ."

ವೈದ್ಯೆ ಚಂಪಾಳ ಕಡೆಗೆ ತಿರುಗಿದಳು. ಚಂಪಾ ಬಟ್ಟೆಯನ್ನು ಬಾಯಿಂದ ತೆಗೆದು ಮಡಿಲಲ್ಲಿಟ್ಟು, ಎಡದೋಳನ್ನು ಬಲಗೈಯಿಂದ ಹಿಡಿದು, ರವಿಕೆಯ ತೋಳನ್ನು ಭುಜದವರೆಗೂ ಸರಿಸಿದಳು.